ಗೇಟಿನ ಬೋರ್ಡಿನ ಮೇಲೊಂದು ವಾಕ್ಯ

ಇಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದು ಉಂಡೆ ಬೆಲ್ಲ. ಅದೂ ಕತೆಯೊಳಗಿನ ಬೆಲ್ಲ. ಯಾರೂ ಕಣ್ಣಲ್ಲಿ ಕಂಡದ್ದಲ್ಲ, ಯಾರ ನಾಲಗೆಗೂ ತಾಗಿದ್ದಲ್ಲ.

ಸಿದ್ಧಲಿಂಗೇಶ್ ಶಿಕಾರಿಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಾಲ್ಕು ವರ್ಷದಿಂದ ಹಂಗಾಮಿ. ಮಾತು ಕಡಿಮೆ, ಯೋಚನೆ ಜಾಸ್ತಿ. ಹತ್ತನೇ ತರಗತಿಯ ಮಕ್ಕಳು ಒಂದು ಕತೆಯ ಆಶಯವನ್ನು ಒಂದೇ ವಾಕ್ಯದಲ್ಲಿ ಹೇಳುವಂತಾಗಬೇಕು ಎಂಬುದು ಅವನ ಹಟ. ಮಕ್ಕಳೋ, ಗೈಡು ಉರು ಹೊಡೆದು ಎರಡು ಪುಟ ಬೇಕಾದರೆ ಬರೆಯುತ್ತಿದ್ದರು. ಒಂದು ವಾಕ್ಯ ಅಂದರೆ ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಬಾಯಿ ತೆರೆದು ಕೂರುತ್ತಿದ್ದರು.

ಅದಕ್ಕೆಂದೇ ಒಂದು ದಿನ ತಾನೇ ಒಂದು ಕತೆ ಕಟ್ಟಿ ಹೇಳಿದ. ಒಬ್ಬ ಅಜ್ಜಿ ಸೊಸೆಗೆ ಕಾಣದ ಹಾಗೆ ಒಂದು ಉಂಡೆ ಬೆಲ್ಲವನ್ನು ಭತ್ತದ ಚೀಲದಲ್ಲಿ ಬಚ್ಚಿಡುತ್ತಾಳೆ. ಆಮೇಲೆ ಸೊಸೆ ಕಸ ಗುಡಿಸಿದರೂ ಬೆಲ್ಲ ಹುಡುಕುತ್ತಿದ್ದಾಳೆ ಅನ್ನಿಸುತ್ತದೆ. ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೂ ಹಾಗೇ ಅನ್ನಿಸುತ್ತದೆ. ನಾಯಿ ಮೂಸಿದರೆ ನಾಯಿಯ ಮೇಲೂ ಅನುಮಾನ. ಕೊನೆಗೆ ಅಜ್ಜಿ ಆ ಚೀಲದ ಮೇಲೇ ಕೂತು ಕಾಯುತ್ತಾಳೆ. ಸಂಜೆ ಎದ್ದು ಕೈಹಾಕಿದರೆ ಬೆಲ್ಲವಿಲ್ಲ, ಇರುವೆ ಮಾತ್ರ.

"ಈಗ ಹೇಳಿ, ಆಶಯ ಏನು?"

"ದುರಾಸೆ, ಸರ್," ಎಂದಳು ಗಂಗಾಶ್ರೀ.

"ಅದು ವಿಷಯ. ದುರಾಸೆ ಬಗ್ಗೆ ಕತೆ ಏನ್ ಹೇಳುತ್ತೆ ಅನ್ನೋದು ಆಶಯ."

"ಅಜ್ಜಿ ಬೆಲ್ಲ ಬಚ್ಚಿಟ್ಟು ಕಳಕೊಂಡ್ಳು, ಸರ್."

"ಅದು ನಡೆದ ಸಂಗತಿ. ಅದಕ್ಕೆ ನಾನ್ಯಾಕೆ ಬೇಕು, ಇರುವೇನೇ ಹೇಳುತ್ತೆ."

ಕೊನೆಯ ಬೆಂಚಿನಿಂದ ನಯೀಮ್ ಗಂಭೀರವಾಗಿ ಎದ್ದು ನಿಂತ. "ಬೆಲ್ಲವನ್ನು ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಬೇಕು, ಸರ್."

"ಅದು ಬುದ್ಧಿಮಾತು ಕಣೋ. ಅದೂ ಡಬ್ಬಿ ಮಾರೋನ ಬುದ್ಧಿಮಾತು. ಕೂತ್ಕೋ." ತರಗತಿಯ ನಗು ಇಳಿಯುವವರೆಗೆ ಕಾದು ಸಿದ್ಧಲಿಂಗೇಶ್ ಹೇಳಿದ: "ಹೆಸರು ಬೇಡ, ಸಂಗತಿ ಬೇಡ, ಉಪದೇಶ ಬೇಡ. ಆ ಅಜ್ಜಿಗೂ ಹೊಂದಬೇಕು, ಅಜ್ಜಿಯನ್ನ ಕಂಡೇ ಇಲ್ಲದವರಿಗೂ ಹೊಂದಬೇಕು. ಅಂಥ ಒಂದು ವಾಕ್ಯ ನಾಳೆ ತನ್ನಿ. ಚೆನ್ನಾಗಿರೋದನ್ನ ಗೇಟಿನ ಬೋರ್ಡಿಗೆ ಹಾಕೋಣ."

ಗೇಟಿನ ಬೋರ್ಡೆಂದರೆ ಆ ಶಾಲೆಗೆ ಕಿರೀಟವಿದ್ದ ಹಾಗೆ. ದಿನಕ್ಕೊಂದು ನುಡಿ ಅದರ ಮೇಲೆ ಬರಬೇಕು. ಕಂಪ್ಯೂಟರ್ ಟೀಚರ್ ಮಮತಾ ಅದರ ಫೋಟೊ ತೆಗೆದು, ಕೆಳಗೆ 'ಸಿದ್ಧಲಿಂಗೇಶ್ ಸರ್, ಕನ್ನಡ ವಿಭಾಗ' ಎಂದು ಸೇರಿಸಿ, ಪ್ರಾರ್ಥನೆ ಮುಗಿಯುವುದರೊಳಗೆ ಪೋಷಕರ ಗ್ರೂಪಿಗೆ ಕಳಿಸಬೇಕು. ಅಲ್ಲಿಂದ ಅದು ಯಾರ ಯಾರ ಸ್ಟೇಟಸ್ಸಿಗೆ, ಯಾವ ಯಾವ ಊರಿಗೆ ಹೋಗುತ್ತಿತ್ತೋ ಯಾರೂ ಕೇಳಿದ್ದಿಲ್ಲ.

ಮರುದಿನ ಬೆಳಗ್ಗೆ ರಕ್ಷಿತಾ ಒಂದು ಚೀಟಿ ತಂದು ಕೊಟ್ಟಳು. ಅದರಲ್ಲಿ ಹೀಗಿತ್ತು: ಬಚ್ಚಿಟ್ಟವರಿಗೆ ಎಲ್ಲರೂ ಹುಡುಕುವವರಂತೆ ಕಾಣುತ್ತಾರೆ.

ಓದಿದ ಕೂಡಲೇ ಸಿದ್ಧಲಿಂಗೇಶನ ಎದೆ ಹಿಗ್ಗಿತು. ಹೆಸರಿಲ್ಲ, ಸಂಗತಿಯಿಲ್ಲ, ಉಪದೇಶವಿಲ್ಲ. ನಾಲ್ಕು ವರ್ಷದ ಪಾಠ ಸಾರ್ಥಕ ಅಂದುಕೊಂಡ. ಮರುಗಳಿಗೆ ಅದೇ ಎದೆ ಧಸಕ್ಕೆಂದಿತು. ಈ ಹುಡುಗಿಗೆ ಗೊತ್ತಾಗಿದೆಯೇ?

ಅವನು ಬಚ್ಚಿಟ್ಟದ್ದೂ ಒಂದಿತ್ತು. ಕಳೆದ ಭಾನುವಾರ ಯಾರಿಗೂ ಹೇಳದೆ ಸೊರಬದ ಒಂದು ಶಾಲೆಗೆ ಇಂಟರ್‌ವ್ಯೂಗೆ ಹೋಗಿಬಂದಿದ್ದ. ಅವನ ಊರು ಕ್ಯಾಸನೂರಿನ ಕಡೆ. ಸೊರಬದಲ್ಲಾದರೆ ಮನೆಯಿಂದಲೇ ಓಡಾಡಬಹುದು. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ರಿಬ್ಬನ್ನಿನ ಎರಡು ಜಡೆ ಹಿಂದಿನಿಂದ ಕಂಡು, ರಕ್ಷಿತಾಳೇ ಇರಬೇಕೆಂದು ಹೆದರಿ, ಮಾರಲು ಒಟ್ಟಿದ್ದ ಅನಾನಸಿನ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮುಳ್ಳು ಚುಚ್ಚಿದ ಮೊಣಕೈ ಇನ್ನೂ ಉರಿಯುತ್ತಿತ್ತು.

ಅದೂ ಇವತ್ತೇ ಈ ವಾಕ್ಯ ಬರಬೇಕೇ? ಇವತ್ತು ನಾಲ್ಕು ಗಂಟೆಗೆ ಆಡಳಿತ ಮಂಡಳಿಯ ಸಭೆ. ಅವನನ್ನು ಕಾಯಂ ಮಾಡುವುದೋ ಬೇಡವೋ ಎಂದು ತೀರ್ಮಾನವಾಗುವುದು ಅಲ್ಲಿ. ಹೋದ ವರ್ಷ ವಿಜ್ಞಾನದ ಮೇಷ್ಟ್ರು ಪರೀಕ್ಷೆಗೆ ಮುಂಚೆ ಬೇರೆ ಶಾಲೆಗೆ ಹಾರಿದಾಗಿನಿಂದ ಕಾರ್ಯದರ್ಶಿ ವೀರಬಸಪ್ಪ ಒಂದು ನಿಯಮ ಮಾಡಿಬಿಟ್ಟಿದ್ದರು: ಇನ್ನೊಂದು ಕಡೆ ಅರ್ಜಿ ಹಾಕಿದವರಿಗೆ ಇಲ್ಲಿ ಜಾಗವಿಲ್ಲ.

ವಾಕ್ಯವನ್ನು ಹಾಕದೇ ಬಿಟ್ಟರೆ? 'ಯಾಕೆ ಸರ್ ಹಾಕಲಿಲ್ಲ?' ಎಂದು ಅವಳು ಎಲ್ಲರೆದುರು ಕೇಳಿದರೆ? ಹಾಕದಿರುವುದೇ ತಪ್ಪೊಪ್ಪಿಕೊಂಡಂತೆ. ಹಾಕಿದರೆ, ತನಗೇನೂ ತಾಗಿಲ್ಲ ಎಂದು ತೋರಿಸಿದ ಹಾಗಾಗುತ್ತದೆ. ಸಿದ್ಧಲಿಂಗೇಶ್ ಸೀಮೆಸುಣ್ಣ ತೆಗೆದುಕೊಂಡು ಬೇಕಾದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದ. ಮಮತಾ ಫೋಟೊ ತೆಗೆದರು. ವಾಕ್ಯ ಹಾರಿಹೋಯಿತು.

ಮೊದಲು ಕರೆ ಬಂದದ್ದು ಹೆಡ್‌ಮೇಡಂ ಜಗದಾಂಬ ಅವರಿಂದ. ಅವನು ಒಳಗೆ ಬಂದ ಮೇಲೆ ಅವರು ತಾವೇ ಎದ್ದು ಬಾಗಿಲು ಹಾಕಿದರು.

"ನಿಮಗೆ ಯಾರು ಹೇಳಿದ್ದು?"

"ಏನು ಮೇಡಂ?"

"ನಾಟಕ ಬೇಡ. ಬೋರ್ಡ್ ನೋಡ್ಕೊಂಡೇ ಒಳಗೆ ಬಂದೆ."

ಸಿದ್ಧಲಿಂಗೇಶನಿಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನೆ ನಿಂತ. ಅವನ ಮೌನಕ್ಕೊಂದು ಕೆಟ್ಟ ಗುಣವಿತ್ತು: ಏನೂ ಗೊತ್ತಿಲ್ಲದಿದ್ದಾಗಲೂ ಎಲ್ಲ ಗೊತ್ತಿರುವವನಂತೆ ಕಾಣಿಸಿಬಿಡುತ್ತಿತ್ತು. ಜಗದಾಂಬ ಆ ಮೌನವನ್ನು ತುಸು ಹೊತ್ತು ತಡೆದುಕೊಂಡರು. ಆಮೇಲೆ ಕುಸಿದು ಕೂತರು.

"ನೋಡಿ ಲಿಂಗೇಶ್ ಸರ್, ನಾನೇನ್ ಮನೆಗೆ ತಗೊಂಡು ಹೋಗಿಲ್ಲ. ದಾನಿಗಳು ಕೊಟ್ಟಿದ್ದು ಅಷ್ಟು ದೊಡ್ಡ ಟಿವಿ. ಮಕ್ಕಳು ಬೆರಳಿಟ್ಟು ಕೆಡಿಸಿದ್ರೆ? ಅದಕ್ಕೇ ನನ್ನ ಹಳೇ ಸೀರೇಲಿ ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದೀನಿ. ಮಂಡಳಿಗೆ ದಿನಾ ಅದರಲ್ಲೇ ಪಾಠ ನಡೀತಿದೆ ಅಂತ ಹೇಳಿದ್ದು ನಿಜ. ಒಂದಲ್ಲ ಒಂದು ದಿನ ನಡೆಯುತ್ತೆ ಬಿಡಿ."

"ಮೇಡಂ, ಅದು ಅಜ್ಜಿ ಕತೆ..."

"ಅಜ್ಜಿ ಅಂತಾನೂ ಅನ್ನಿ, ಪರವಾಗಿಲ್ಲ. ಮೊದಲು ಅದನ್ನ ಅಳಿಸಿ. ಯಾರಿಗೂ ತಾಗದಂಥದ್ದು ಬರೀರಿ."

ಅಳಿಸಲು ಒದ್ದೆ ಬಟ್ಟೆ ಹಿಡಿದು ಬಂದವನು ಜವಾನ ಕರಿಯಣ್ಣ. ಬೋರ್ಡಿನ ಎಡತುದಿಯಿಂದ ಶುರು ಮಾಡಿ 'ಬಚ್ಚಿಟ್ಟವರಿಗೆ' ಎಂಬಲ್ಲಿಗೇ ಅವನ ಕೈ ನಿಂತುಹೋಯಿತು. ಸುತ್ತ ನೋಡಿ ದನಿ ತಗ್ಗಿಸಿದ.

"ಸಾ, ಗಂಟೆ ವಿಷಯಾನಾ?"

ಸಿದ್ಧಲಿಂಗೇಶ್ ಮತ್ತೆ ಸುಮ್ಮನೆ ನೋಡಿದ. ಅಷ್ಟೇ ಸಾಕಾಯಿತು.

"ಕರೆಂಟ್ ಗಂಟೆ ಬಂದಮೇಲೆ ಹಳೇ ಕಂಚಿನ ಗಂಟೆ ಮೂಲೇಲಿ ಬಿದ್ದಿತ್ತು, ಸಾ. ತೊಗರ್ಸಿ ಹತ್ರ ನಮ್ಮೂರಿನ ಚೌಡಮ್ಮಂಗೆ ಒಂದು ಹರಕೆ ಇತ್ತು. ಕಟ್ಟಿಬಿಟ್ಟೆ. ಶಾಲೆ ಹೆಸರು ಕಾಣಬಾರದು ಅಂತ ಮೇಲೆ ಅರಿಶಿನ ಬಳಿದಿದೀನಿ. ಕೆಳಗೆ ನನ್ನ ಹೆಸರು ಬರೆಸಿದೀನಿ. ಈಗ ವಾಪಸ್ ಕೇಳಿದ್ರೆ ಅಮ್ಮ ಸುಮ್ನಿರ್ತಾಳಾ ಸಾ? ನೀವೇ ಹೇಳಿ."

"ನಾನು ಏನೂ ಹೇಳಲ್ಲ ಕರಿಯಣ್ಣ."

"ಅದೇ ಸಾ ಭಯ. ನೀವು ಏನೂ ಹೇಳಲ್ಲ. ಬೋರ್ಡಿನ ಮೇಲೆ ಬರೀತೀರಿ."

ಬೋರ್ಡು ಖಾಲಿಯಾಯಿತು. ಸಿದ್ಧಲಿಂಗೇಶ್ ಯೋಚಿಸಿದ. ಯಾರಿಗೂ ತಾಗಬಾರದು, ಯಾವ ಮನುಷ್ಯನಿಗೂ ಸಂಬಂಧಿಸಿರಬಾರದು. ಅಂಥ ಒಂದೇ ಒಂದು ವಾಕ್ಯ ಅವನಿಗೆ ಗೊತ್ತಿತ್ತು. ಬರೆದ: ಬೆಲ್ಲವನ್ನು ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಬೇಕು. ಕೊನೆಯ ಬೆಂಚಿನ ನಯೀಮ್ ಗೇಟಿನ ಬೋರ್ಡಿಗೆ ಏರಿದ. ಇದರಿಂದ ಯಾರಿಗೆ ಏನಾಗಲು ಸಾಧ್ಯ?

ಮಧ್ಯಾಹ್ನ ಗಣಿತದ ಮೇಷ್ಟ್ರು ಮುನಾಫನ ಹೆಂಡತಿ ಅಫ್ಸರ್ ಬೇಗಂ ಗಂಡನಿಗೆ ಬುತ್ತಿ ಹಿಡಿದು ಬಂದರು. ಮುನಾಫನಿಗೆ ಸಕ್ಕರೆ ಕಾಯಿಲೆ. ಬುತ್ತಿಯಲ್ಲಿ ಎರಡು ರಾಗಿ ರೊಟ್ಟಿ, ಹಾಗಲಕಾಯಿ ಪಲ್ಯ. ಗೇಟಿನಲ್ಲಿ ನಿಂತು ಬೋರ್ಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಸ್ಟಾಫ್ ರೂಮಿಗೆ ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಬಂದ ಸ್ಕ್ವಾಡಿನಂತೆ ನುಗ್ಗಿದರು.

"ಎಲ್ಲಿ ಡಬ್ಬಿ?"

"ಯಾವ ಡಬ್ಬಿ?" ಎಂದ ಮುನಾಫ್. ಆದರೆ ಅವನ ಕಣ್ಣು ಮೇಜಿನ ಕೆಳಗಿನ ಡ್ರಾಯರಿನ ಕಡೆ ಹೋಗಿಬಿಟ್ಟಿತ್ತು. ಡ್ರಾಯರ್ ಎಳೆದರೆ ಮರದ ದೊಡ್ಡ ಕೈವಾರ, ಕೋನಮಾಪಕ, ಅದರ ಹಿಂದೆ ಒಂದು ಸ್ಟೀಲ್ ಡಬ್ಬಿ. ತುಂಬ ಶೇಂಗಾ ಚಿಕ್ಕಿ. ಬಿಗಿಯಾಗಿ ಮುಚ್ಚಿತ್ತು.

"ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ," ಎಂದರು ಅಫ್ಸರ್ ಬೇಗಂ. "ಒಳ್ಳೇದಾಗ್ಲಿ ಮೇಷ್ಟ್ರೇ ನಿಮಗೆ. ಬೋರ್ಡಿನ ಮೇಲೆ ಬರೆದಾದ್ರೂ ತಿಳಿಸಿದ್ರಲ್ಲ." ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹಾಗಲಕಾಯಿ ಮಾತ್ರ ಉಳಿಯಿತು.

ಮುನಾಫ್ ಹಾಗಲಕಾಯಿ ಪಲ್ಯವನ್ನು ಆಚೆ ಸರಿಸಿದ. ಆಮೇಲೆ ನಿಧಾನವಾಗಿ ಹೇಳಿದ: "ನಿನಗೆ ಚಿಕ್ಕಿ ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು, ಲಿಂಗೇಶ್. ಎರಡು ಕೊಡ್ತಿದ್ದೆ."

"ಅದು ನಯೀಮ್ ಹೇಳಿದ ವಾಕ್ಯ ಮಾರಾಯ. ನನಗೇನೂ ಗೊತ್ತಿರಲಿಲ್ಲ."

"ಓಹೋ. ಅಂದ್ರೆ ಹುಡುಗರಿಗೂ ಗೊತ್ತು."

ಸ್ಟಾಫ್ ರೂಮಿನಲ್ಲಿ ಅಲ್ಲಿಂದಾಚೆ ಸಿದ್ಧಲಿಂಗೇಶ್ ನೀರು ಕುಡಿಯಲು ಎದ್ದರೆ ನಾಲ್ಕು ಡ್ರಾಯರುಗಳು ಮುಚ್ಚಿದ ಸದ್ದು. ಅವನು ಕಿಟಕಿಯ ಆಚೆ ನೋಡಿದರೂ ಯಾರೋ ಒಬ್ಬರು ತಮ್ಮ ಬ್ಯಾಗನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅವನಿಗೂ ಸಮಾಧಾನವಿರಲಿಲ್ಲ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ರಕ್ಷಿತಾ ಅವನನ್ನು ನೋಡಿ ಸಣ್ಣಗೆ ನಕ್ಕ ಹಾಗಾಯಿತು. ಸೊರಬದ ನಗುವೋ, ಬರೀ ನಗುವೋ? ಕೇಳೋಣವೆಂದರೆ ಕೇಳಿದ್ದೇ ಸಾಕ್ಷಿಯಾಗಿಬಿಡುತ್ತದೆ. ಷಷ್ಠಿ ವಿಭಕ್ತಿ ಪಾಠ ಮಾಡುತ್ತಿದ್ದವನು 'ಅನಾನಸಿನ' ಎಂದು ಉದಾಹರಣೆ ಕೊಟ್ಟು, ತಾನೇ ಬೆಚ್ಚಿ, ಅಳಿಸಿ, 'ಮಾವಿನ' ಎಂದು ಬರೆದ.

ಸಭೆಗೆ ತುಸು ಮುಂಚೆ ಕಾರ್ಯದರ್ಶಿ ವೀರಬಸಪ್ಪ ಬಂದರು. ಸಂತೆ ಮಾರುಕಟ್ಟೆ ರಸ್ತೆಯಲ್ಲಿ ಅವರದ್ದು ಬೀಜ ಗೊಬ್ಬರದ ಅಂಗಡಿ. ಬಂದವರು ಸಭೆಯ ಕೋಣೆಗೆ ಹೋಗದೆ ಸಿದ್ಧಲಿಂಗೇಶನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದು ಫೋನು ಮುಂದೆ ಹಿಡಿದರು. ಬೆಳಗಿನ ಫೋಟೊ.

"ಮೇಷ್ಟ್ರೇ, ಇದು ಬೆಳಗಿಂದ ನನಗ ಐದು ಗ್ರೂಪಿನಾಗ ಬಂದೈತಿ. ನಮ್ಮ ಬೀಗರೂ ಕಳಿಸ್ಯಾರ. ನಿಮಗ ಯಾರ್ ಹೇಳಿದ್ರು?"

"ಸರ್, ಇದು ಯಾರ ಬಗ್ಗೆಯೂ ಅಲ್ಲ. ಆಶಯ ಅಂದ್ರೆ ಹಾಗೇ ಸರ್, ಎಲ್ಲರಿಗೂ ಹೊಂದುತ್ತೆ."

"ಎಲ್ಲರಿಗೂ ಅಂದ್ರ ನನಗೂ ಬಂತಲ್ರೀ!"

ಸಿದ್ಧಲಿಂಗೇಶ್ ಬಾಯಿ ಮುಚ್ಚಿಕೊಂಡ. ಟ್ಯಾಂಕಿನಿಂದ ಹನಿ ಹನಿಯಾಗಿ ನೀರು ಬೀಳುತ್ತಿತ್ತು. ವೀರಬಸಪ್ಪ ಮುಖ ಒರೆಸಿಕೊಂಡರು.

"ಹೌದು, ಬಿ.ಎ. ಅಂತ ಅಂಗಡಿ ಬೋರ್ಡಿಗೆ ಹಾಕ್ಸೀನಿ. ಎಲ್ಲಾ ಪಾಸಾಗೇನಿ, ಒಂದು ಪೇಪರ್ ಬಿಟ್ಟು. ಕನ್ನಡ. ಕನ್ನಡ ಮೇಷ್ಟ್ರು ನೀವು, ನಿಮ್ಮ ಬಾಯಿಂದನ ಅದು ಹೊರಗ ಬಂದ್ರ ಹೆಂಗ್ರೀ? ಆ ಪೇಪರಿನಾಗ ಏನ್ ಕೇಳಿದ್ರು ಗೊತ್ತೇನು? ಪದ್ಯದ ಆಶಯ ಬರೀರಿ ಅಂತ! ಈಗ ಮತ್ತ ಆಶಯ ಅಂತೀರಿ."

ಸಭೆ ಕೂತಿತು. ಮೇಜಿನ ತುದಿಗೆ ಅಧ್ಯಕ್ಷ ಆನಂದಪ್ಪ, ಎಂಬತ್ತರ ಹತ್ತಿರದ ಹಿರಿಯರು, ಅರ್ಧ ಕಣ್ಣು ಮುಚ್ಚಿಕೊಂಡು. ಒಂದು ಬದಿಗೆ ವೀರಬಸಪ್ಪ, ಇನ್ನೊಂದು ಬದಿಗೆ ಜಗದಾಂಬ. ಚಹಾದ ತಟ್ಟೆ ಹಿಡಿದು ಕರಿಯಣ್ಣ ಬಾಗಿಲಲ್ಲಿ. ಮೂವರ ಆರು ಕಣ್ಣುಗಳೂ ಸಿದ್ಧಲಿಂಗೇಶನ ಬಾಯಿಯ ಮೇಲೆ.

"ಇವರನ್ನ ಕಾಯಂ ಮಾಡೋ ವಿಷಯ," ಎಂದು ವೀರಬಸಪ್ಪ ಶುರು ಮಾಡಿ ಕೆಮ್ಮಿದರು.

"ಹೌದಪ್ಪ," ಎಂದರು ಆನಂದಪ್ಪ, ಕಣ್ಣು ತೆರೆಯದೆ. "ಮೇಷ್ಟ್ರು ಒಳ್ಳೇರು ಅಂತ ಕೇಳೀನಿ. ಮಾಡ್ರಿ. ಒಂದೇ ಮಾತು ಕೇಳೋದೈತಿ. ಮುಂಜಾನೆ ಮೊಮ್ಮಗಳು ಫೋನಿನಾಗ ಒಂದು ಬೋರ್ಡ್ ತೋರಿಸಿದ್ಲು. ಯಾರನ್ನ ನೋಡಿ ಬರದ್ರಿ ಅದನ್ನ?"

ಕರಿಯಣ್ಣನ ತಟ್ಟೆಯ ಲೋಟಗಳು ಮಾತ್ರ ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಜಗದಾಂಬ ಸೀರೆಯ ಸೆರಗನ್ನು ಟಿವಿಗೆ ಸುತ್ತಿದ ಹಾಗೆ ಬೆರಳಿಗೆ ಸುತ್ತತೊಡಗಿದರು. ವೀರಬಸಪ್ಪ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು. ಸಿದ್ಧಲಿಂಗೇಶನಿಗೆ ಮಿಂಚಿನಂತೆ ಹೊಳೆಯಿತು: ಈ ಮೌನ ಇನ್ನು ಸ್ವಲ್ಪ ಮುಂದುವರಿದರೆ ಕಾರ್ಯದರ್ಶಿಯ ಬಿ.ಎ. ಎಲ್ಲರೆದುರು ಮೇಜಿನ ಮೇಲೆ ಬೀಳುತ್ತದೆ. ಆಮೇಲೆ ತನ್ನನ್ನು ಕಾಯಂ ಮಾಡುವವರು ಯಾರು? ಇವರನ್ನೆಲ್ಲ ಉಳಿಸಬೇಕು. ಉಳಿಸಿದರೆ ತಾನೂ ಉಳಿಯುತ್ತೇನೆ.

"ನನ್ನನ್ನೇ ನೋಡಿ ಬರೆದದ್ದು, ಸರ್," ಎಂದ.

ಮೂರು ಉಸಿರು ಒಟ್ಟಿಗೇ ಹೊರಬಿದ್ದವು. ಕರಿಯಣ್ಣ ಚಹಾ ಹಂಚಿದ. ಜಗದಾಂಬ ಮೊದಲ ಸಲ ನಕ್ಕರು. "ನಾನು ಹೇಳಲಿಲ್ವಾ? ನಮ್ಮ ಲಿಂಗೇಶ್ ಸರ್ ದೊಡ್ಡ ಮನಸ್ಸಿನವರು," ಎಂದರು. ವೀರಬಸಪ್ಪ ಠರಾವಿನ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಕೆಲಸ ಕಾಯಂ ಆಗಲು ಎರಡು ಸಾಲು ಬಾಕಿ.

ಆಗ ಆನಂದಪ್ಪ ಕಣ್ಣು ಪೂರ್ತಿ ತೆರೆದರು.

"ಹಂಗಾದ್ರ ನೀವೇನು ಬಚ್ಚಿಟ್ಟೀರಿ, ಮೇಷ್ಟ್ರೇ?"

ಬೇರೆ ಯಾರಾದರೂ ಆಗಿದ್ದರೆ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದರು. ಸಿದ್ಧಲಿಂಗೇಶ್ ಕತೆ ಕಟ್ಟುವುದಕ್ಕೆ ಒಂದು ಇಡೀ ರಾತ್ರಿ ತೆಗೆದುಕೊಳ್ಳುವವನು. ಅವನು ಸುಮ್ಮನಾದ. ಆನಂದಪ್ಪನವರೂ ಸುಮ್ಮನಾದರು. ಬೆಳಗಿನಿಂದ ತನ್ನ ಮೌನ ಬೇರೆಯವರಿಗೆ ಏನು ಮಾಡುತ್ತಿತ್ತು ಎಂಬುದು ಅವನಿಗೆ ಅರ್ಥವಾದದ್ದು ಆಗಲೇ. ಮುದುಕರ ಮೌನ ಬೆನ್ನು ಹತ್ತಿದ ಎಮ್ಮೆಯಂತೆ ನಿಧಾನವಾಗಿ ಹತ್ತಿರ ಹತ್ತಿರ ಬಂತು.

"ಭಾನುವಾರ ಸೊರಬಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ, ಸರ್."

ವೀರಬಸಪ್ಪ ಪೆನ್ನಿನ ಮುಚ್ಚಳ ಹಾಕಿದರು. ಆದರೆ ವಿಚಿತ್ರವೆಂದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಟ್ಯಾಂಕಿನ ಹಿಂದಿನ ಮಾತು ಬಲ್ಲ ಮನುಷ್ಯ ಬೇರೆ ತಾಲ್ಲೂಕಿಗೆ ಹೋಗುತ್ತಾನೆಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದು?

"ಛೇ ಛೇ, ಒಳ್ಳೇ ಕೆಲಸ ಮಾಡೀರಿ! ಸ್ವಂತ ತಾಲ್ಲೂಕು. ನಾವು ತಡೆಯೋದು ಪಾಪ."

"ಹೌದು, ಪಾಪ," ಎಂದರು ಜಗದಾಂಬ. "ಈ ತಿಂಗಳ ಕೊನೇಗೇ ಕಳಿಸಿಕೊಡೋಣ."

"ಹಾರ ನಾನ್ ತರ್ತೀನಿ," ಎಂದ ಬಾಗಿಲಲ್ಲಿ ಕರಿಯಣ್ಣ, ಯಾರೂ ಕೇಳದಿದ್ದರೂ.

ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೊ. ಸಭೆ ಮುಗಿಯಿತು.

ಹೊರಗೆ ಬಂದ ಸಿದ್ಧಲಿಂಗೇಶ್ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಹೋಗಲಿ, ಸೊರಬವಿದೆ. ಅಲ್ಲಿಯ ಕಾರ್ಯದರ್ಶಿ ಗುರುಪ್ರಕಾಶ್ ಎಷ್ಟು ನಗುನಗುತ್ತ ಮಾತಾಡಿಸಿದ್ದರು, ಕಾಫಿ ಕೊಟ್ಟು, 'ನೀವೇ ನಮಗೆ ಬೇಕಾದವರು' ಎಂದು ಕೈ ಕುಲುಕಿದ್ದರು. ಅಷ್ಟು ಸಾಲದೇ?

ಗೇಟಿನ ಹತ್ತಿರ ರಕ್ಷಿತಾ ಖೋಖೋ ಮುಗಿಸಿ, ಧೂಳು ಮೆತ್ತಿದ ಕಾಲಲ್ಲಿ, ಆಟೊ ಕಾಯುತ್ತಿದ್ದಳು. ಇನ್ನು ಕೇಳಲು ಹೆದರಿಕೆ ಯಾಕೆ?

"ಆ ವಾಕ್ಯ ಯಾರನ್ನ ನೋಡಿ ಬರೆದೆ, ರಕ್ಷಿತಾ?"

"ಅಜ್ಜೀನ ನೋಡಿ, ಸರ್."

"ಯಾವ ಅಜ್ಜಿ?"

"ಬೆಲ್ಲದ ಅಜ್ಜಿ ಸರ್. ನೀವೇ ಕತೆ ಹೇಳಿದ್ರಲ್ಲ. ಹೆಸರು ಬರೀಬೇಡಿ ಅಂದ್ರಿ, ಅದಕ್ಕೇ ಅಜ್ಜಿ ಅಂತ ಬರೀಲಿಲ್ಲ. ತಪ್ಪಾಯ್ತಾ ಸರ್?"

"ಭಾನುವಾರ ನೀನು ಸೊರಬಕ್ಕೆ..."

"ಸೊರಬಾನಾ? ನಾನು ನೋಡೇ ಇಲ್ಲ ಸರ್. ಭಾನುವಾರ ಅಂಜನಾಪುರ ಡ್ಯಾಮಿಗೆ ಹೋಗಿದ್ವಿ."

ಅವನು ಮೊಣಕೈ ಮುಟ್ಟಿ ನೋಡಿಕೊಂಡ. ಯಾರದ್ದೋ ಜಡೆ, ಯಾರದ್ದೋ ರಿಬ್ಬನ್. ಬೋರ್ಡಿನ ಮೇಲೆ ನಯೀಮನ ಬೆಲ್ಲದ ಕೆಳಗೆ, ಸರಿಯಾಗಿ ಒರೆಸದ ಕಡೆ, ಬೆಳಗಿನ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗುರುಪ್ರಕಾಶ್, ಸೊರಬ. ಸಿದ್ಧಲಿಂಗೇಶನ ಮುಖದಲ್ಲಿ ಇಡೀ ದಿನಕ್ಕೆ ಮೊದಲ ಬೆಳಕು ಮೂಡಿತು.

"ನಮಸ್ಕಾರ ಸರ್."

"ಎಂಥ ನಮಸ್ಕಾರ ಮಾರಾಯ್ರೆ! ನಮ್ಮ ಸ್ಟಾಫ್ ಗ್ರೂಪಿಗೆ ಬಂದಿದೆ ನಿಮ್ಮ ಬೋರ್ಡು. ಕೆಳಗೆ ನಿಮ್ಮದೇ ಹೆಸರು ಬೇರೆ. ಇಂಟರ್‌ವ್ಯೂ ಮುಗಿದು ಒಂದು ವಾರ ಆಗ್ಲಿಲ್ಲ, ಅಷ್ಟರಲ್ಲೇ ಹೀಗೆ ಬರೆದು ಊರೆಲ್ಲ ಹಂಚೂದಾ?"

ಸಿದ್ಧಲಿಂಗೇಶನಿಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನೆ ನಿಂತ.

"ಸುಮ್ನಿದ್ರೆ ನನಗೆ ಗೊತ್ತಾಗೂದಿಲ್ಲ ಅಂದ್ಕಂಡ್ರಾ? ಕೇಳೂದಿದ್ರೆ ನೇರ ಕೇಳಿ. ಹೌದು, ಆ ಕೆಲಸ ಮೊದಲೇ ನನ್ನ ಭಾವಮೈದುನಂಗೆ ಅಂತ ಆಗಿತ್ತು. ನಿಮ್ಮನ್ನ ಕರೆಸಿದ್ದು ಸುಮ್ನೆ ಇಂಟರ್‌ವ್ಯೂ ಆಯ್ತು ಅಂತ ತೋರಿಸೂದಕ್ಕೆ. ಆದ್ರೆ ಅದು ನಮ್ಮ ಮನೆಯವರನ್ನ ಬಿಟ್ರೆ ಇನ್ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಿ, ನಿಮಗೆ ಯಾರು ಹೇಳಿದ್ದು?"

ಗೇಟಿನ ಮುಂದೆ ಆಟೊ ಬಂದು ನಿಂತಿತು. ರಕ್ಷಿತಾ ಹತ್ತಿ ಕೂತು ಕೈಬೀಸಿದಳು. ಸಿದ್ಧಲಿಂಗೇಶ್ ಬೋರ್ಡನ್ನೇ ನೋಡುತ್ತ ನಿಧಾನವಾಗಿ ಉತ್ತರಿಸಿದ.

"ನೀವೇ, ಸರ್. ಈಗ."